ಗಣಿ ನಿಂತ ಮೇಲೆ ಕುದುರೆಮುಖ: ನಾನು ನೋಡಿದ ಬಗೆ

ಕಾರ್ಕಳದಿಂದ ಮಾಳದ ಘಾಟಿ ಹತ್ತುವವರಲ್ಲಿ ಹೆಚ್ಚಿನವರು ಶಿಖರಕ್ಕೋ ಹೊರನಾಡಿಗೋ ಹೊರಟಿರುತ್ತಾರೆ. ನಾನು ಹೋದದ್ದು ನಡುವಿನ ಗಣಿ ಊರನ್ನು ನೋಡಲೆಂದೇ. ಕುದುರೆಮುಖದ ಕಬ್ಬಿಣದ ಅದಿರು ನೀರಿನೊಡನೆ ಬೆರೆತು 67 ಕಿಲೋಮೀಟರ್ ಕೊಳವೆಯಲ್ಲಿ ಇಳಿದು ಸೇರುತ್ತಿದ್ದ ಮಂಗಳೂರಿನ ಪಣಂಬೂರಿನ ಹತ್ತಿರ ಬೆಳೆದವನಾದ್ದರಿಂದ, ಆ ಕಪ್ಪು ಕೆಸರು ಹೊರಟ ಜಾಗವನ್ನು ಒಮ್ಮೆ ಕಾಣಬೇಕೆಂಬ ಆಸೆ ಬಹಳ ವರ್ಷಗಳಿಂದ ಇತ್ತು.

ಮಳೆ ಮುಗಿದ ನವೆಂಬರಿನಲ್ಲಿ ಹೊರಟೆ. ಕಾರ್ಕಳದಲ್ಲೇ ಪೆಟ್ರೋಲ್ ತುಂಬಿಸಿಕೊಂಡೆ, ಉಳಿಯಲು ಕಳಸದಲ್ಲಿ ಕೋಣೆ ಗೊತ್ತುಮಾಡಿದ್ದೆ. ಚೆಕ್‌ಪೋಸ್ಟ್‌ನಲ್ಲಿ ವಾಹನದ ಸಂಖ್ಯೆ, ಸಮಯ ಬರೆಸಿದ ಮೇಲೆ ಕಾಡಿನ ನಡುವೆ ಎಲ್ಲಿಯೂ ನಿಲ್ಲಲಿಲ್ಲ; ಹುಲ್ಲುಗಾವಲಿನ ಬೆಟ್ಟಗಳನ್ನೂ ಅವುಗಳ ಮಡಿಲಿನ ಶೋಲಾ ಕಾಡನ್ನೂ ನಿಧಾನವಾಗಿ ಸಾಗುತ್ತಲೇ ನೋಡಿದೆ. ಸಿಂಗಳೀಕದ ನೆಲೆಯಲ್ಲಿ ಅಷ್ಟು ಶಿಸ್ತು ನಮ್ಮಿಂದ ಸಲ್ಲಬೇಕು.

ಊರಿನಲ್ಲಿ ವಾಹನ ಬಿಟ್ಟು ನಡೆದೆ. ಹಿಂದೆ ಗಣಿಯಲ್ಲಿ ದುಡಿದಿದ್ದ, ಈಗ ಕಳಸದಲ್ಲಿರುವ ಹಿರಿಯರೊಬ್ಬರು ಜೊತೆಗಿದ್ದುದರಿಂದಲೇ ಸಾಲು ಸಾಲು ಕ್ವಾರ್ಟರ್ಸ್ ನನಗೆ ಅರ್ಥವಾದವು. ಒಬ್ಬನೇ ಹೋಗಿದ್ದರೆ ಪಾಚಿ ಹಿಡಿದ ಗೋಡೆಗಳನ್ನಷ್ಟೇ ಕಂಡು ಮರಳುತ್ತಿದ್ದೆ. ಇರಾನಿಗೆ ಅದಿರು ಕೊಡುವ ಒಪ್ಪಂದದ ಬೆನ್ನಿಗೆ 1976ರಲ್ಲಿ ಕಂಪನಿ ಹುಟ್ಟಿತು. 1979ರ ಕ್ರಾಂತಿಯಿಂದ ಆ ಗಿರಾಕಿಯೇ ತಪ್ಪಿದಾಗ ಬೇರೆ ದೇಶಗಳನ್ನು ಹುಡುಕಬೇಕಾಯಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಅದಿರು ಬೇರ್ಪಡಿಸಿ ಉಳಿದ ಹೂಳನ್ನು ತಡೆಯಲು ಭದ್ರೆಯ ಉಪಹೊಳೆಗೆ ಕಟ್ಟಿದ ಲಕ್ಯಾ ಅಣೆಕಟ್ಟಿನ ಎತ್ತರ ಸುಮಾರು 100 ಮೀಟರ್. ಇಂಥ ಮಳೆಯ ನಾಡಿನಲ್ಲಿ ಬೆಟ್ಟ ಅಗೆದರೆ ಮಣ್ಣು ಹೊಳೆಗೇ ಇಳಿಯುತ್ತದೆ. ಅಷ್ಟೆಲ್ಲ ಹೂಳನ್ನು ಗೋಡೆಯೊಂದರ ಹಿಂದೆ ಕಾಯಬೇಕಾಗಿರುವುದನ್ನು ನೆನೆದಾಗ, ಗಣಿ ನಿಂತದ್ದು ಸರಿ ಎಂಬ ನನ್ನ ನಿಲುವು ಇನ್ನಷ್ಟು ಗಟ್ಟಿಯಾಯಿತು. ಆದರೆ ಆ ಮಾತನ್ನು ಹಿರಿಯರ ಮುಂದೆ ಆಡಲು ನನಗೆ ಮನಸ್ಸಾಗಲಿಲ್ಲ. ಮೂರೂ ಪಾಳಿಯ ಸೈರನ್ ಕೇಳುತ್ತಲೇ ತಮ್ಮ ಮಕ್ಕಳು ಬೆಳೆದರೆಂದು ಅವರು ಹೇಳುತ್ತಿದ್ದರು.

ಹೊರಡುವ ಮುನ್ನ ಅವರು ತಾವಿದ್ದ ಮನೆಯನ್ನು ತೋರಿಸಿದರು. ಅಂಗಳದಲ್ಲಿ ಅವರೇ ನೆಟ್ಟ ಪೇರಳೆ ಮರವಿತ್ತು. ಮಂಗಗಳು ಕಚ್ಚಿ ಎಸೆದಿದ್ದ ಕಾಯಿಗಳನ್ನು ಕಾಲಿನಿಂದ ಬದಿಗೆ ಸರಿಸುತ್ತ ಅವರು ಬಾಗಿಲವರೆಗೆ ಹೋಗಿ, ಬೀಗವನ್ನು ಮುಟ್ಟಿ ನೋಡಿ ಬಂದರು.