40 ನಿಮಿಷದ ಪೀರಿಯಡ್, 9 ನಿಮಿಷದ ಆಟ

ಪೀರಿಯಡ್ ಮುಗಿದಾಗ ಮಕ್ಕಳು ನಗುನಗುತ್ತಾ ಒಳಗೆ ಹೋದರೆ ಪಾಠ ಚೆನ್ನಾಗಿ ಆಯಿತು ಅಂದುಕೊಳ್ಳುತ್ತಿದ್ದವನು ನಾನು. ದೈಹಿಕ ಶಿಕ್ಷಕನಾಗಿ ಹನ್ನೆರಡು ವರ್ಷ ಇದೇ ಲೆಕ್ಕದಲ್ಲಿ ನಡೆಸಿದ್ದೆ. ಒಮ್ಮೆ ಕಾಲು ಉಳುಕಿ ಬೆಂಚಿನ ಮೇಲೆ ಕೂರಬೇಕಾಯಿತು. ಸಹೋದ್ಯೋಗಿಯೊಬ್ಬರು 5ನೇ ತರಗತಿಯವರನ್ನು ನನ್ನ ಕ್ರಮದಲ್ಲೇ ಆಡಿಸಿದರು. ಕೈಯಲ್ಲಿ ಸ್ಟಾಪ್‌ವಾಚ್ ಇತ್ತು, ಬೇರೆ ಕೆಲಸ ಇರಲಿಲ್ಲ. ಸಾಲಿನ ಕೊನೆಯಲ್ಲಿ ನಿಂತಿದ್ದ ಒಬ್ಬ ಹುಡುಗಿಯನ್ನು ಗುರುತು ಮಾಡಿಕೊಂಡೆ. ಅವಳು ಮೈ ಆಡಿಸಿದರೆ ಗುಂಡಿ ಒತ್ತುವುದು, ನಿಂತರೆ ಮತ್ತೆ ಒತ್ತುವುದು. ಗಂಟೆ ಹೊಡೆದಾಗ ನೋಡಿದೆ. 9 ನಿಮಿಷಕ್ಕೆ ಇನ್ನೂ ಕೆಲವು ಸೆಕೆಂಡು ಬಾಕಿ.

ಉಳಿದ ಹೊತ್ತೆಲ್ಲ ಅವಳು ಕಾದಿದ್ದಳು. ಹಾಜರಿಗೆ ಕಾದಳು, ತಂಡ ಕಟ್ಟುವುದಕ್ಕೆ ಕಾದಳು, ಉದ್ದನೆಯ ನಿಯಮಗಳನ್ನು ನಿಂತು ಕೇಳಿದಳು, ಸರದಿಗೆ ಕಾದಳು. ಮುಟ್ಟಾಟ ಶುರುವಾದಾಗ ಎಲ್ಲರಿಗಿಂತ ಮೊದಲು ಔಟಾಗಿ, ಗೆರೆಯಾಚೆ ಕೂತು ಕಡ್ಡಿಯಲ್ಲಿ ಮಣ್ಣಿನ ಮೇಲೆ ಚಿತ್ರ ಬರೆದಳು. "ಈಗಿನ ಮಕ್ಕಳಿಗೆ ಮೈ ಬಗ್ಗಲ್ಲ, ಮೊಬೈಲ್ ಸಿಕ್ಕರೆ ಸಾಕು" ಎಂದು ಸ್ಟಾಫ್ ರೂಮಿನಲ್ಲಿ ಗೊಣಗುವವರಲ್ಲಿ ನಾನೂ ಒಬ್ಬ. ಈ ಹುಡುಗಿಯನ್ನು ಕೂರಿಸಿದ್ದು ಮೊಬೈಲಲ್ಲ, ನನ್ನ ಸೀಟಿ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ವಾರದಲ್ಲಿ ಕನಿಷ್ಠ 3 ದಿನ ಏದುಸಿರು ಬರುವಂಥದ್ದೂ, ಸ್ನಾಯು ಮೂಳೆ ಗಟ್ಟಿಯಾಗುವಂಥದ್ದೂ ಇರಬೇಕು. 11ರಿಂದ 17ರ ವಯಸ್ಸಿನವರಲ್ಲಿ ಜಗತ್ತಿನಾದ್ಯಂತ ಶೇಕಡಾ 80ಕ್ಕೂ ಹೆಚ್ಚು ಮಂದಿ ಇಷ್ಟನ್ನು ಮುಟ್ಟುತ್ತಿಲ್ಲ, ಹುಡುಗಿಯರಲ್ಲಿ ಮುಟ್ಟುವವರು ಇನ್ನೂ ಕಡಿಮೆ. ಇದನ್ನೆಲ್ಲ ತರಬೇತಿಗಳಲ್ಲಿ ಕೇಳಿ ತಲೆಯಾಡಿಸಿ ಬಂದಿದ್ದೆ. ಆ 9 ನಿಮಿಷವನ್ನು 60ರ ಪಕ್ಕದಲ್ಲಿ ಇಟ್ಟಾಗಲೇ ಮನಸ್ಸಿಗೆ ನಾಟಿದ್ದು. ಅಂದಹಾಗೆ, ಮಟ್ಟ ತಿಳಿಯಲು ಯಂತ್ರ ಬೇಡ. ಮಗು ಮಾತಾಡಬಲ್ಲದು, ಹಾಡಲಾರದು ಎಂದರೆ ಮಧ್ಯಮ. ನಾಲ್ಕು ಮಾತಿಗೆ ಒಮ್ಮೆ ಉಸಿರೆಳೆದುಕೊಂಡರೆ ತೀವ್ರ.

ಮೊದಲು ಕೈಹಾಕಿದ್ದು ಔಟಾಗುವ ಆಟಗಳಿಗೆ. ಯೋಚಿಸಿದರೆ ವಿಚಿತ್ರ: ಯಾವ ಮಗುವಿಗೆ ಓಟ ಹೆಚ್ಚು ಬೇಕೋ ಅದೇ ಮೊದಲು ಸಿಕ್ಕಿಬೀಳುತ್ತದೆ, ಅದೇ ಹೆಚ್ಚು ಹೊತ್ತು ಕೂರುತ್ತದೆ. ಈಗ ನಮ್ಮಲ್ಲಿ ಯಾರೂ ಔಟಾಗುವುದಿಲ್ಲ. ಮುಟ್ಟಿಸಿಕೊಂಡವರು ಗೆರೆಯ ಬಳಿ ಹತ್ತು ಸಲ ಜಿಗಿದು ಮತ್ತೆ ಒಳಗೆ ಬರಬೇಕು, ಇಲ್ಲವೇ ಮುಟ್ಟಿದವರ ಕೈಹಿಡಿದು ಸರಪಳಿಯಾಗಬೇಕು. ಜಿಗಿತ ಮೂಳೆಗೂ ಒಳ್ಳೆಯದು. "ಹಾಗಾದ್ರೆ ಗೆದ್ದೋರು ಯಾರು ಸಾರ್?" ಎಂದು ಎರಡು ವಾರ ಕೇಳಿದರು. ಆಮೇಲೆ ಮರೆತರು.

ಮುಂದಿನದು ಚೆಂಡಿನ ಲೆಕ್ಕ. 36 ಮಕ್ಕಳಿಗೆ ಒಂದು ಚೆಂಡು ಕೊಟ್ಟರೆ ಐದಾರು ಜನ ಆಡುತ್ತಾರೆ, ಉಳಿದವರು ಪ್ರೇಕ್ಷಕರು. ಹಳೆಯ ಬಟ್ಟೆ ಸುತ್ತಿ ಹೊಲಿದ ಚೆಂಡುಗಳನ್ನು ಮಕ್ಕಳೇ ಮಾಡಿದರು. ಮೂವರಿಗೆ ಮೂವರು ಎದುರಾಗಿ, ಸಣ್ಣ ಅಂಗಳದಲ್ಲಿ, ಒಮ್ಮೆಗೇ ಆರು ಆಟ. ಸೀಟಿ ಊದುವವರೇ ಇಲ್ಲದೆ ಜಗಳ ಆಗುತ್ತದೆ, ನಿಜ. ಆದರೆ ಜಗಳ ಆಡುತ್ತಲೇ ಓಡುತ್ತಿರುತ್ತಾರೆ. ಹಾಜರಿಯನ್ನು ಆಟ ಶುರುವಾದ ಮೇಲೆ ಕಣ್ಣಲ್ಲೇ ಎಣಿಸುತ್ತೇನೆ. ಒಂದು ನಿಮಿಷದಲ್ಲಿ ವಿವರಿಸಲಾಗದ ಆಟವನ್ನು ಕೈಬಿಟ್ಟೆ.

ಎಡವಿದ್ದು ಬೆಳಗಿನ ಓಟದಲ್ಲಿ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ ಇಲೇನ್ ವೈಲಿ ಎಂಬ ಮುಖ್ಯ ಶಿಕ್ಷಕಿ 2012ರಲ್ಲಿ ಶುರುಮಾಡಿದ 'ಡೈಲಿ ಮೈಲ್' ಬಗ್ಗೆ ಓದಿದ್ದೆ. ದಿನಕ್ಕೆ 15 ನಿಮಿಷ, ಹಾಕಿಕೊಂಡು ಬಂದ ಬಟ್ಟೆಯಲ್ಲೇ, ಓಡಿದರೂ ಸರಿ ನಡೆದರೂ ಸರಿ. ಸಲಕರಣೆ ಬೇಡ, ಸ್ಪರ್ಧೆ ಇಲ್ಲ. ಇಷ್ಟು ಸರಳವಾದದ್ದನ್ನು ಹಾಗೇ ಬಿಡಲು ನನ್ನೊಳಗಿನ ಮೇಷ್ಟ್ರಿಗೆ ಮನಸ್ಸಾಗಲಿಲ್ಲ. ಯಾರು ಎಷ್ಟು ಸುತ್ತು ಎಂದು ಗೋಡೆಗೆ ಪಟ್ಟಿ ಅಂಟಿಸಿದೆ. ಮೊದಲ ವಾರ ಹುಚ್ಚು ಹುಮ್ಮಸ್ಸು. ಮೂರನೇ ವಾರದಲ್ಲಿ ಪಟ್ಟಿಯ ತಳದಲ್ಲಿದ್ದ ಏಳೆಂಟು ಮಕ್ಕಳಿಗೆ ದಿನವೂ ಹೊಟ್ಟೆನೋವು. ಒಬ್ಬ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಓಡೋಕೆ ಬೇಜಾರಿಲ್ಲ ಸಾರ್, ಅಲ್ಲಿ ಹೆಸರು ನೋಡೋಕೆ ಬೇಜಾರು" ಅಂದ. ಅವತ್ತೇ ಪಟ್ಟಿ ಹರಿದೆ.

ಹರಿದ ಮೇಲೆ ಅವರು ಓಡುವುದನ್ನು ಸುಮ್ಮನೆ ನಿಂತು ನೋಡುವುದಕ್ಕೆ ಕಲಿತೆ. ಮಕ್ಕಳು ನಮ್ಮ ಹಾಗೆ ಒಂದೇ ಸಮನೆ ಓಡುವುದಿಲ್ಲ. ಗುಬ್ಬಚ್ಚಿಗಳ ಥರ, ಪುರ್ ಎಂದು ಹೋಗಿ ನಿಲ್ಲುತ್ತಾರೆ, ಏನೋ ಹರಟುತ್ತಾರೆ, ಮತ್ತೆ ಪುರ್. ಅದನ್ನು ಸೋಮಾರಿತನ ಎಂದುಕೊಂಡು ಎಷ್ಟು ಸಲ ಗದರಿದ್ದೇನೋ! ಈಗ ಇಡೀ ತರಗತಿಯ ಸುತ್ತುಗಳನ್ನು ಒಟ್ಟಿಗೆ ಕೂಡಿಸಿ ಭೂಪಟದ ಮೇಲೆ ದೂರ ಗುರುತಿಸುತ್ತೇವೆ. ನಿಧಾನವಾಗಿ ನಡೆದವನ ಎರಡು ಸುತ್ತೂ ಅದರೊಳಗೆ ಸೇರುತ್ತದೆ. ಭೂಗೋಳದವರಿಗೆ ಇದು ನನಗಿಂತ ಹೆಚ್ಚು ಇಷ್ಟವಾಗಿದೆ.

ಇನ್ನೊಂದು ದುರಭ್ಯಾಸವನ್ನೂ ಬಿಟ್ಟೆ. ತಡವಾಗಿ ಬಂದವರಿಗೆ, ಗಲಾಟೆ ಮಾಡಿದವರಿಗೆ "ಮೈದಾನಕ್ಕೆ ಎರಡು ಸುತ್ತು" ಎನ್ನುವ ಶಿಕ್ಷೆ. ಓಟವನ್ನು ಶಿಕ್ಷೆಯಾಗಿ ಕೊಟ್ಟು, ಮಾರನೆಯ ದಿನ ಅದನ್ನೇ ಖುಷಿಯಿಂದ ಮಾಡಿ ಎಂದರೆ ಯಾರು ನಂಬುತ್ತಾರೆ? ಹೋಂವರ್ಕ್ ಮಾಡದವರನ್ನು ಆಟಕ್ಕೆ ಬಿಡದಿರುವುದೂ ಇದೇ ಜಾತಿಯದು. ಅದನ್ನು ಮಾಡುತ್ತಿದ್ದವರು ಬೇರೆ ಶಿಕ್ಷಕರು, ಹಾಗಾಗಿ ಈ ಮಾತುಕತೆ ಕಷ್ಟದ್ದಾಗಿತ್ತು. ಓಡಿ ಬಂದ ಮಕ್ಕಳು ಮುಂದಿನ ತರಗತಿಯಲ್ಲಿ ಹೇಗೆ ಕೂರುತ್ತಾರೆ, ನೀವೇ ಒಂದು ತಿಂಗಳು ನೋಡಿ ಎಂದೆ. ಇಬ್ಬರು ಒಪ್ಪಿದರು, ಒಬ್ಬರು ಈಗಲೂ ಒಪ್ಪಿಲ್ಲ.

ಬಿಡುವಿನ ವೇಳೆಯ ಕಥೆ ಬೇರೆಯದೇ. ಮೈದಾನ ದೊಡ್ಡದು, ಆದರೆ ಅದರ ನಡುಮಧ್ಯೆ ದೊಡ್ಡ ಹುಡುಗರ ಫುಟ್‌ಬಾಲ್. ಹುಡುಗಿಯರೂ ಚಿಕ್ಕವರೂ ಗೋಡೆಗೆ ಒರಗಿ ನಿಲ್ಲುತ್ತಿದ್ದರು. "ಹುಡುಗಿಯರಿಗೆ ಆಟ ಇಷ್ಟವಿಲ್ಲ" ಎಂದು ಬಹಳ ದಿನ ಹೇಳಿಕೊಂಡು ಬಂದಿದ್ದೆವು. ಜಾಗ ಇರಲಿಲ್ಲ, ಅಷ್ಟೇ. ನೆಲಕ್ಕೆ ಬಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳು, ವೃತ್ತಗಳು, ಅಂಕುಡೊಂಕು ಗೆರೆಗಳನ್ನು ಬರೆದೆವು. ಉದ್ದನೆಯ ಹಗ್ಗಗಳನ್ನು ಬೀಗ ಹಾಕಿದ ಕೋಣೆಯಿಂದ ತೆಗೆದು ಬಾಗಿಲ ಬಳಿಯ ಬುಟ್ಟಿಯಲ್ಲಿ ಇಟ್ಟೆವು. ವಾರದಲ್ಲಿ ಎರಡು ದಿನ ಮಧ್ಯದ ಜಾಗ ಹುಡುಗಿಯರದು. ಹುಡುಗರು ಮುಖ ಊದಿಸಿಕೊಂಡರು, ಮುಂದಿನ ತಿಂಗಳು ಹಗ್ಗ ತಿರುಗಿಸಲು ಅವರೇ ಬಂದರು. ಬುಟ್ಟಿಯಿಂದ ಮೂರು ಹಗ್ಗ ಕಾಣೆಯಾದವು. ಮನೆಯಲ್ಲಿ ಯಾರೋ ಆಡುತ್ತಿರಬೇಕು ಎಂದುಕೊಂಡು ಸುಮ್ಮನಾದೆ.

ಇದೆಲ್ಲ ಬದಲಾದ ಮೇಲೆ ಆಟದ ಪೀರಿಯಡ್‌ನಲ್ಲಿ ಮತ್ತೆ ಸ್ಟಾಪ್‌ವಾಚ್ ಹಿಡಿದು ಕೂತೆ. ಯಾರನ್ನು ನೋಡುತ್ತಿದ್ದೇನೆಂದು ಮಕ್ಕಳಿಗೆ ಹೇಳುವುದಿಲ್ಲ. 5ನೇ ತರಗತಿಯಲ್ಲಿ 24 ನಿಮಿಷ ಬಂತು, ಸಂತೋಷವಾಯಿತು. 8ನೇ ತರಗತಿಯ ಹುಡುಗಿಯೊಬ್ಬಳದು 13. ಯಾಕೆಂದು ಅವಳನ್ನೇ ಕೇಳದೆ ಆ ತರಗತಿಯ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ಮಾತಾಡಿದೆವು, ಜೊತೆಗೆ ಒಬ್ಬ ಶಿಕ್ಷಕಿಯೂ ಇದ್ದರು. ನಾನು ಆಟದ ಬಗ್ಗೆ ಏನೋ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೆವರಿನ ಬಗ್ಗೆ: ಎರಡನೇ ಪೀರಿಯಡ್‌ನಲ್ಲಿ ಓಡಿ, ಒದ್ದೆ ಬಟ್ಟೆಯಲ್ಲಿ ಸಂಜೆವರೆಗೆ ಎಲ್ಲರ ನಡುವೆ ಹೇಗೆ ಕೂರುವುದು? ಅವರ ಆಟವನ್ನು ದಿನದ ಕೊನೆಯ ಪೀರಿಯಡ್‌ಗೆ ಹಾಕಿಕೊಡಿ ಎಂದು ವೇಳಾಪಟ್ಟಿ ಹಿಡಿದು ಓಡಾಡುತ್ತಿದ್ದೇನೆ. ಗಣಿತದ ಮೇಡಂ ಅದಲುಬದಲಿಗೆ ಒಪ್ಪಿದ್ದಾರೆ. ವಿಜ್ಞಾನದ ಮೇಷ್ಟ್ರು, ಪರೀಕ್ಷೆ ಮುಗಿಯಲಿ ನೋಡೋಣ ಅಂದಿದ್ದಾರೆ.