ಕಟ್ಟದ ಬುಡದಲ್ಲಿ ನಿಂತ ಮೀನಿಗೆ ಒಂದು ದಾರಿ

ಜೂನ್ ಮೊದಲ ಮಳೆಗೆ ತೋಡು (ಸಣ್ಣ ಹಳ್ಳ) ಕೆಂಪಾಗಿ ತುಂಬಿದ ರಾತ್ರಿ, ಬೇಸಿಗೆಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ಕೆಳಗೆ ನಿಂತು ಟಾರ್ಚ್ ಹಾಕಿ ನೋಡಿ. ಕಾಂಕ್ರೀಟ್ ಹಾಸಿನ ತುದಿಯಲ್ಲಿ ಬೆರಳುದ್ದದ ಕೀಜನ್ ಮೀನು, ಮೊಟ್ಟೆ ತುಂಬಿ ಹೊಟ್ಟೆ ಉಬ್ಬಿದ ಮುಗುಡು ಗುಂಪುಗುಂಪಾಗಿ ನಿಂತಿರುತ್ತವೆ. ಒಂದೊಂದೇ ಹಾರುತ್ತದೆ, ಕಾಂಕ್ರೀಟಿಗೆ ಬಡಿಯುತ್ತದೆ, ಜಾರಿ ಹಿಂದೆ ಬೀಳುತ್ತದೆ. ಮಲೆನಾಡಿನವರು ಹತ್ತುಮೀನು ಎನ್ನುವ, ತುಳುವಿನಲ್ಲಿ ಉಬರ್ ಎನ್ನುವ ಸಂಗತಿ ಇದೇ. ಮೇಲಿನ ಗದ್ದೆಗೋ ಸಣ್ಣ ತೋಡಿಗೋ ಹತ್ತಿ ಮೊಟ್ಟೆಯಿಡಲು ಅವುಗಳಿಗಿರುವುದು ಕೆಲವೇ ದಿನ. ಅಷ್ಟರಲ್ಲಿ ಹತ್ತಲಾಗದಿದ್ದರೆ ಆ ತೋಡಿನ ಆ ವರ್ಷದ ಮರಿ ಅಲ್ಲಿಗೇ ಮುಗಿಯಿತು.

ಹೆಬ್ರಿ ಕಡೆಯಿಂದ ಇಳಿದು ಸೀತಾ ನದಿಗೆ ಸೇರುವ ತೋಡುಗಳಲ್ಲಿ ನಾವು ಕೆಲಸ ಮಾಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ. ಹೊಳೆ ಸರಿಪಡಿಸುವ ಕೈಪಿಡಿಗಳಲ್ಲಿ ಹೆಚ್ಚಿನವು ಸಾಲ್ಮನ್, ಟ್ರೌಟ್ ಮೀನಿರುವ ತಣ್ಣೀರಿನ ದೇಶಗಳಿಂದ ಬಂದವು. ಟ್ರೌಟ್‌ಗೆ 20 ಡಿಗ್ರಿಗಿಂತ ಕೆಳಗಿನ ನೀರು ಹಿತ. ನಮ್ಮ ತೋಡು ನೆರಳಿಲ್ಲದ ಕಡೆ ಏಪ್ರಿಲ್ ಮಧ್ಯಾಹ್ನ 30 ದಾಟುತ್ತದೆ. ಆದರೂ ಆ ಕೈಪಿಡಿಗಳ ಎರಡು ಮಾತು ನಮಗೂ ಸರಿಹೊಂದಿತು: ಮೀನಿಗೆ ಮೇಲೇರುವ ದಾರಿ ಬೇಕು, ಮೊಟ್ಟೆಗೆ ಸಂದಿಯಲ್ಲಿ ನೀರಾಡುವ ಶುದ್ಧ ಜಲ್ಲಿ ಬೇಕು. ಸಾಲ್ಮನ್ ಹೆಣ್ಣು ಬಾಲದಿಂದ ಜಲ್ಲಿ ಕೆದರಿ ಮೊಟ್ಟೆ ಹೂಳುತ್ತದೆ. ನಮ್ಮ ಪೆರುವೊಲು (ಮಹಶೀರ್) ಅಷ್ಟು ಆಳಕ್ಕೆ ಹೂಳುವುದಿಲ್ಲ. ಆದರೆ ಕೆಸರು ಕೂತರೆ ಎರಡರ ಮೊಟ್ಟೆಯೂ ಉಸಿರುಗಟ್ಟಿ ಸಾಯುತ್ತದೆ.

ಸರಿಹೊಂದದ್ದು ಮರದ ದಿಮ್ಮಿ. ಅಲ್ಲಿ ದೊಡ್ಡ ದಿಮ್ಮಿಗಳನ್ನು ಹೊಳೆಗೆ ಅಡ್ಡ ಕೆಡವಿ ಗುಂಡಿ ಮಾಡಿಸುತ್ತಾರೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮಲ್ಲಿ ಆ ದಿಮ್ಮಿ ಜುಲೈ ನೆರೆಗೆ ತೇಲಿ ಕೆಳಗಿನ ಕಿಂಡಿಗೆ ಸಿಕ್ಕಿಕೊಳ್ಳುತ್ತದೆ, ನೀರು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಹಾಗಾಗಿ ದಿಮ್ಮಿಯ ಕೆಲಸವನ್ನು ನಾವು ಬದುಕಿರುವ ಬೇರಿಗೆ ಒಪ್ಪಿಸಿದೆವು. ಆ ವಿಷಯ ಮುಂದೆ ಬರುತ್ತದೆ.

ಮೊದಲ ಕೆಲಸ ಏಪ್ರಿಲ್‌ನಲ್ಲಿ, ನೀರು ಅತಿ ಕಡಿಮೆ ಇರುವಾಗ. ತೋಡು ನದಿಗೆ ಸೇರುವಲ್ಲಿಂದ ಹೊರಟು ಮೇಲಿನವರೆಗೆ ನಡೆದು ಮೂರು ವಿಷಯ ಬರೆದುಕೊಳ್ಳಬೇಕು. ಒಂದು, ಬೇಸಿಗೆಯಲ್ಲೂ ಬತ್ತದ ಕಯಗಳು (ತೋಡಿನ ಆಳದ ಗುಂಡಿಗಳು) ಎಲ್ಲೆಲ್ಲಿವೆ, ಅವುಗಳ ಆಳ ಎಷ್ಟು. ಅಡಿ-ಇಂಚಿನ ಗೆರೆ ಹಾಕಿದ ಬಿದಿರಿನ ಕೋಲು ಸಾಕು. ಎರಡು, ಪ್ರತಿ ಅಡೆತಡೆಯ ಎತ್ತರ: ಕಟ್ಟ, ಕಿಂಡಿ ಅಣೆಕಟ್ಟು, ಮೋರಿಯ ಪೈಪು. ಮೂರು, ಮಧ್ಯಾಹ್ನ ಎರಡು ಗಂಟೆಯ ನೀರಿನ ಬಿಸಿ. ಅಡೆತಡೆಗಳನ್ನು ಕೆಳಗಿನಿಂದ ಮೇಲಕ್ಕೆ ಅನುಕ್ರಮವಾಗಿ ಬಿಡಿಸಬೇಕು. ಮೇಲಿನದನ್ನು ಎಷ್ಟು ಚೆನ್ನಾಗಿ ಸರಿಮಾಡಿದರೂ ಕೆಳಗಿನದು ಮುಚ್ಚಿದ್ದರೆ ಒಂದು ಮೀನೂ ಅಲ್ಲಿಗೆ ಬರುವುದಿಲ್ಲ.

ನಮ್ಮ ಕಡೆಯ ಕಿಂಡಿ ಅಣೆಕಟ್ಟಿನ ದೊಡ್ಡ ಸಮಸ್ಯೆ ಹಲಗೆಯಲ್ಲ, ಅದರ ಕೆಳಗಿನ ಇಳಿತ. ಮಳೆಗಾಲದಲ್ಲಿ ಹಲಗೆ ತೆಗೆದಿರುತ್ತಾರೆ. ಆದರೆ ಹಾಸಿನ ತುದಿಯಲ್ಲಿ ನೀರು ಬಿದ್ದು ಬಿದ್ದು ಮಣ್ಣು ಕೊರೆದು, ಕೆಲವು ವರ್ಷದಲ್ಲಿ ಎರಡಡಿ ಮೆಟ್ಟಿಲು ಹುಟ್ಟಿಕೊಳ್ಳುತ್ತದೆ. ಲೆಕ್ಕ ಹೀಗಿದೆ: ಒಂದಡಿ ಎತ್ತರದಿಂದ ಬೀಳುವ ನೀರಿನ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್, ನಾಲ್ಕು ಇಂಚಿನಿಂದ ಬಿದ್ದರೆ 1.4 ಮೀಟರ್. ಬೆರಳುದ್ದದ ಮೀನು ಎರಡನೆಯದನ್ನು ಒಂದೇ ದಮ್ಮಿನಲ್ಲಿ ದಾಟಬಹುದು, ಆಮೇಲೆ ಅದಕ್ಕೆ ವಿರಾಮ ಬೇಕು. ಹಾಗಾಗಿ ಎರಡಡಿ ಇಳಿತವನ್ನು ನಾಲ್ಕು ಇಂಚಿನ ಆರು ಮೆಟ್ಟಿಲಾಗಿ ಒಡೆದು, ಮೆಟ್ಟಿಲುಗಳ ನಡುವೆ ಆರೇಳು ಅಡಿ ಉದ್ದದ ಸಣ್ಣ ಗುಂಡಿ ಬಿಟ್ಟೆವು. ಒಟ್ಟು ನಲವತ್ತು ಅಡಿ ಉದ್ದದ ಕಲ್ಲಿನ ಇಳಿಜಾರು, ಇಪ್ಪತ್ತಕ್ಕೆ ಒಂದರ ವಾಟ. ತೋಡಿನ ಇಡೀ ಅಗಲಕ್ಕೆ ಮಾಡಲು ಹಣ ಸಾಲದಿದ್ದರೆ ಒಂದು ದಡಕ್ಕೆ ಅಂಟಿಸಿ ಮೂರನೇ ಒಂದು ಪಾಲು ಅಗಲಕ್ಕೆ ಮಾಡಬಹುದು. ಆದರೆ ಅದರ ಬಾಯಿ ಅಣೆಕಟ್ಟಿನ ಬುಡಕ್ಕೇ ಬರಬೇಕು. ಮೀನು ನೀರಿನ ಸೆಳೆತ ಹಿಡಿದು ಸೀದಾ ಕಟ್ಟದ ಬುಡಕ್ಕೆ ಹೋಗುತ್ತದೆ. ಬಾಯಿ ಇಪ್ಪತ್ತು ಅಡಿ ಕೆಳಗಿದ್ದರೆ ಅದನ್ನು ದಾಟಿ ಹೋಗಿ ಅಲ್ಲೇ ಬಡಿದುಕೊಳ್ಳುತ್ತದೆ.

ಕಲ್ಲಿನ ವಿಷಯದಲ್ಲಿ ರಾಜಿ ಬೇಡ. ಹತ್ತಿರದಲ್ಲೇ ಅಗ್ಗಕ್ಕೆ ಸಿಗುತ್ತದೆಂದು ಮುರಕಲ್ಲು (ಜಂಬಿಟ್ಟಿಗೆ) ತಂದರೆ ಎರಡು ಮಳೆಗಾಲದಲ್ಲಿ ಮೂಲೆ ಸವೆದು ಉರುಟಾಗಿ ಉರುಳುತ್ತದೆ, ಸವೆದ ಕೆಂಪು ಪುಡಿ ಕೆಳಗಿನ ಜಲ್ಲಿಯಲ್ಲಿ ಕೂರುತ್ತದೆ. ಕರಿಗಲ್ಲೇ ಬೇಕು. ಎರಡಡಿ ಅಡ್ಡಗಲದ ಒಂದು ಕರಿಗಲ್ಲು ಸುಮಾರು 300 ಕಿಲೋ, ಎರಡೂವರೆ ಅಡಿಯದು 600 ಕಿಲೋ ಹತ್ತಿರ. ನೀರಿನೊಳಗೆ ಮುಳುಗಿದಾಗ ಅದರ ತೂಕ ಶೇ. 38ರಷ್ಟು ಇಳಿಯುತ್ತದೆ. ಇದನ್ನು ಮರೆತು ಕೈಯಲ್ಲಿ ಎತ್ತಬಹುದಾದ ಕಲ್ಲು ಇಟ್ಟವರ ಮೆಟ್ಟಿಲು ಮೊದಲ ನೆರೆಗೇ ನದಿ ಸೇರಿದೆ. ಸಾಲಿನ ಕಲ್ಲನ್ನು ಮೂರನೇ ಒಂದು ಪಾಲು ನೆಲದೊಳಗೆ ಹೂತು, ಒಂದಕ್ಕೊಂದು ಒತ್ತಿಕೊಳ್ಳುವಂತೆ ನೀರು ಬರುವ ಕಡೆಗೆ ಉಬ್ಬಿದ ಬಿಲ್ಲಿನಾಕಾರದಲ್ಲಿ ಕೂರಿಸಬೇಕು. ನಡುವಿನ ಕಲ್ಲು ಎರಡು ಬದಿಯದಕ್ಕಿಂತ ಮೂರ್ನಾಲ್ಕು ಇಂಚು ತಗ್ಗಿರಲಿ. ಆಗ ಕಡಿಮೆ ನೀರೂ ಒಂದೇ ಕಡೆ ಸೇರಿ ಹರಿಯುತ್ತದೆ, ನೆರೆಯೂ ದಡ ಕೊರೆಯದೆ ಮಧ್ಯಕ್ಕೆ ಬರುತ್ತದೆ.

ನಮ್ಮ ಮೊದಲ ಇಳಿಜಾರಿನ ತಪ್ಪು ನವೆಂಬರ್‌ನಲ್ಲಿ ಗೊತ್ತಾಯಿತು. ಮಳೆಗಾಲದಲ್ಲಿ ಚೆನ್ನಾಗಿ ಕಂಡಿದ್ದ ಮೆಟ್ಟಿಲಲ್ಲಿ ನೀರು ಕಡಿಮೆಯಾದ ಬಳಿಕ ಮೇಲೆ ಒಂದು ಹನಿಯೂ ಇಲ್ಲ, ಎಲ್ಲ ಕಲ್ಲಿನ ಸಂದಿಯಿಂದ ಅಡಿಗೆ ಇಳಿದು ಹೋಗುತ್ತಿತ್ತು. ದೊಡ್ಡ ಕಲ್ಲಿನ ನಡುವೆ ಒಂದೇ ಅಳತೆಯ ಜಲ್ಲಿ ತುಂಬಿದ್ದೇ ಕಾರಣ. ಸಂದಿಗೆ ಮೊದಲು ಮುಷ್ಟಿಗಾತ್ರದ ಕಲ್ಲು, ಮೇಲೆ ಸಣ್ಣ ಜಲ್ಲಿ, ಆಮೇಲೆ ಮರಳು ಮತ್ತು ಶೇಡಿ ಮಣ್ಣು (ಬಿಳಿ ಜೇಡಿ) ಕಲಸಿದ್ದು, ಹೀಗೆ ಹಂತಹಂತವಾಗಿ ಹಾಕಿ ಪ್ರತಿ ಹಂತಕ್ಕೂ ಪಂಪಿನಿಂದ ನೀರು ಹಾಯಿಸಿ ಇಳಿಸಬೇಕು. ಸಿಮೆಂಟ್ ಸುರಿದು ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ನಯವಾದ ಮೇಲ್ಮೈಯಲ್ಲಿ ನೀರು ತೆಳ್ಳಗೆ, ಜೋರಾಗಿ ಹರಿಯುತ್ತದೆ, ಕಲ್ಲಿಗೆ ಅಂಟಿಕೊಂಡು ಏರುವ ಮೀನಿಗೂ ಹಿಡಿತ ಸಿಗುವುದಿಲ್ಲ.

ರಸ್ತೆ ಅಡಿಯ ಹ್ಯೂಮ್ ಪೈಪಿನದು ಸುಲಭದ ಕೆಲಸ. ಪೈಪಿನ ಕೆಳಗಡೆ ಹತ್ತು ಹನ್ನೆರಡು ಅಡಿ ದೂರದಲ್ಲಿ ಒಂದು ಕಲ್ಲಿನ ಸಾಲು ಕೂರಿಸಿ ನೀರನ್ನು ಹಿಂದಕ್ಕೆ ನಿಲ್ಲಿಸಿದರೆ ಪೈಪಿನೊಳಗೆ ಏಳೆಂಟು ಇಂಚು ನೀರು ನಿಲ್ಲುತ್ತದೆ, ವೇಗ ತಗ್ಗುತ್ತದೆ. ಹೊಸದಾಗಿ ಹಾಕುವಾಗ ಮೂರಡಿ ಪೈಪಾದರೆ ಏಳಿಂಚು ತೋಡಿನ ತಳಕ್ಕಿಂತ ಕೆಳಗೆ ಹೋಗುವಂತೆ ಕೂರಿಸಲು ಗುತ್ತಿಗೆದಾರರಿಗೆ ಮೊದಲೇ ಹೇಳಬೇಕು. ಕೂರಿಸಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಜಲ್ಲಿಗೆ ಬರೋಣ. ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಇಳಿಸಿ ತೋಡನ್ನು ಕಾಲುವೆಯಂತೆ ಸಮತಟ್ಟು ಮಾಡುವುದು ಮೀನಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು. ಅದನ್ನು ನೋಡಿದಾಗ ಈಗಲೂ ಹೊಟ್ಟೆ ಉರಿಯುತ್ತದೆ. ಹೂಳು ಕೂರುವುದು ಕಯದ ನಡುವೆ. ಕಯ ಮುಗಿದು ನೀರು ತೆಳುವಾಗಿ ಓಡಲು ಶುರುವಾಗುವ ತುದಿಯಲ್ಲಿರುವುದು ಜಲ್ಲಿ, ಮೊಟ್ಟೆಯ ಜಾಗ. ಕಯದ ಹೂಳು ತೆಗೆಸಿ, ತುದಿಯ ಜಲ್ಲಿಗೆ ಬಕೆಟ್ ತಾಗಿಸಬೇಡಿ ಎಂದು ಆಪರೇಟರಿಗೆ ಸುಣ್ಣದ ಗೆರೆ ಹಾಕಿ ತೋರಿಸಬೇಕು. ತೆಗೆದ ಹೂಳಿನಲ್ಲೇ ಉರುಟು ಜಲ್ಲಿ ಸಿಗುತ್ತದೆ. 40 ಮಿ.ಮೀ. ಮತ್ತು 10 ಮಿ.ಮೀ. ಜರಡಿಯಲ್ಲಿ ಹಾಯಿಸಿ ನಡುವಿನದನ್ನು ಉಳಿಸಿಕೊಂಡು, ತೊಳೆದು, ಕಯದ ತುದಿಗೆ ಒಂದಡಿ ದಪ್ಪ ಹಾಸಬೇಕು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗಕ್ಕೆ ಸುಮಾರು ಒಂದೂಕಾಲು ಯೂನಿಟ್ (ಯೂನಿಟ್ ಅಂದರೆ ನೂರು ಘನ ಅಡಿ) ಬೇಕು. ಕ್ರಷರ್ ಜಲ್ಲಿ ಬೇಡ, ಅದರ ಚೂಪು ಅಂಚು ಒಂದಕ್ಕೊಂದು ಹಲ್ಲಿನಂತೆ ಕಚ್ಚಿಕೊಂಡು ಬಿಗಿಯಾಗಿ ಕೂರುತ್ತದೆ.

ಜಲ್ಲಿ ಜೀವಂತವಾಗಿದೆಯೇ ಎಂದು ತಿಳಿಯಲು ಕಲ್ಲು ಎತ್ತಿ ಅಡಿ ನೋಡಬೇಕು. ಶುದ್ಧ ಜಾಗದ ಕಲ್ಲಿನ ಅಡಿಗೆ ಕೈ ಹಾಕಿದರೆ ಒರಟಾಗಿ, ತಣ್ಣಗಿರುತ್ತದೆ. ಮೂರು ಎಳೆಬಾಲದ ಚಪ್ಪಟೆ ಹುಳು ಬೆಳಕು ಕಂಡ ಕೂಡಲೇ ಮತ್ತೊಂದು ಬದಿಗೆ ಸರಿಯುತ್ತದೆ, ಮರಳಿನ ಕಣ ಅಂಟಿಸಿ ಕಟ್ಟಿದ ಅಕ್ಕಿಕಾಳಿನಷ್ಟು ಗೂಡುಗಳು ಅಲ್ಲಲ್ಲಿ ಕಾಣುತ್ತವೆ. ಕೆಟ್ಟ ಜಾಗದಲ್ಲಿ ಕಲ್ಲು ಏಳುವಾಗಲೇ ಚಪ್ ಎಂದು ಸದ್ದು ಬರುತ್ತದೆ, ಅಡಿ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಎಷ್ಟು ಜಲ್ಲಿ ಹಾಕಿದರೂ ಮೇಲಿನಿಂದ ಮಣ್ಣು ಬರುವುದು ನಿಲ್ಲುವವರೆಗೆ ವ್ಯರ್ಥ.

ಮಣ್ಣು ಬರುವುದು ದಡದಿಂದ. ಅಡಿಕೆ ತೋಟ ನೀರಿನ ಅಂಚಿನವರೆಗೂ ಬಂದಿರುವ ಕಡೆ ಆರಡಿ ಜಾಗ ಬಿಟ್ಟುಕೊಡಿ ಎಂದು ಕೇಳುವುದು ಇಡೀ ಕೆಲಸದಲ್ಲಿ ಕಷ್ಟದ ಮಾತು. ದಡ ಕುಸಿದು ಪ್ರತಿ ವರ್ಷ ಎಷ್ಟು ಮರ ಬೀಳುತ್ತದೆಂದು ತೋಟದವರಿಗೇ ಗೊತ್ತು, ಅಲ್ಲಿಂದ ಮಾತು ಶುರುಮಾಡಿದರೆ ಒಪ್ಪುತ್ತಾರೆ. ನೆಟ್ಟಗಿನ ದಡವನ್ನು ಒಂದಕ್ಕೆ ಒಂದೂವರೆಯ ಇಳಿಜಾರಾಗಿ ಕಡಿದು, ಚದರ ಮೀಟರಿಗೆ 700 ಗ್ರಾಂ ತೂಗುವ ತೆಂಗಿನ ನಾರಿನ ಭೂವಸ್ತ್ರ ಹಾಸಿ, ಬಿದಿರಿನ ಗೂಟ ಹೊಡೆಯುತ್ತೇವೆ. ಭೂವಸ್ತ್ರದ ಮೇಲಂಚನ್ನು ಒಂದಡಿ ಆಳದ ಚಡಿಯಲ್ಲಿ ಹೂಳದಿದ್ದರೆ ನೀರು ಅಡಿಗೆ ನುಗ್ಗಿ ಚಾಪೆಯಂತೆ ಸುತ್ತಿ ಒಯ್ಯುತ್ತದೆ. ನೀರಿನ ಅಂಚಿಗೆ ಮುಂಡೇವು, ಅಂದರೆ ಕೇದಗೆ. ಹಿಂದೆ ಚಾಪೆ ಹೆಣೆಯಲೆಂದು ಉಳಿಸಿಕೊಂಡಿದ್ದ ಈ ಗಿಡದ ಊರುಬೇರು ನೀರೊಳಗೆ ಪಂಜರದಂತೆ ಇಳಿಯುತ್ತದೆ. ಮರಿಮೀನಿಗೆ ಅಡಗಲು ಇದಕ್ಕಿಂತ ಒಳ್ಳೆಯ ಜಾಗ ನಾವು ಕಂಡಿಲ್ಲ. ದಿಮ್ಮಿ ಮಾಡಬೇಕಾದ್ದನ್ನು ಇದು ತೇಲಿಹೋಗದೆ ಮಾಡುತ್ತದೆ. ಅದರ ಮೇಲೆ ಅರ್ಧ ಅಡಿಗೊಂದರಂತೆ ಲಾವಂಚ, ದಡದ ನೆತ್ತಿಗೆ ಹೊಂಗೆ ಮತ್ತು ನೇರಳೆ. ನೆತ್ತಿಯ ಗಿಡ ಜೂನ್‌ನಲ್ಲಿ ನೆಡಬಹುದು. ನೀರಂಚಿನದ್ದನ್ನು ನೆರೆ ಇಳಿದು ನೆಲ ಇನ್ನೂ ತೇವವಿರುವ ನವರಾತ್ರಿಯ ಹೊತ್ತಿಗೆ ನೆಡಬೇಕು. ಜೂನ್‌ನಲ್ಲಿ ನೆಟ್ಟ ಮುಂಡೇವು ಒಂದೂ ಉಳಿಯಲಿಲ್ಲ.

ಇನ್ನೊಂದು ವಿಷಯ ಯಾವ ಹೊರದೇಶದ ಕೈಪಿಡಿಯಲ್ಲೂ ಸಿಗುವುದಿಲ್ಲ. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವ ದಿನಗಳೂ ಮೀನು ಹತ್ತುವ ದಿನಗಳೂ ಒಂದೇ. ಶೇ. 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದರ ಒಂದು ಲೀಟರಿನಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರ ಇದೆ. ಡ್ರಮ್ಮಿನ ತಳದಲ್ಲುಳಿದ ಆ ಒಂದು ಲೀಟರನ್ನು ತೋಡಿಗೆ ಚೆಲ್ಲಿದರೆ, ತಾಮ್ರದ ಪ್ರಮಾಣ ಲೀಟರಿಗೆ 0.1 ಮಿಲಿಗ್ರಾಮಿಗೆ ಇಳಿಯಲು 25,000 ಲೀಟರ್ ನೀರು ಬೇಕು. ಸುಣ್ಣ ಸರಿಯಾಗಿ ಬೆರೆತಿದ್ದರೆ ತಾಮ್ರದ ಹೆಚ್ಚಿನ ಪಾಲು ಕರಗದೆ ಕೂರುತ್ತದೆ ನಿಜ. ಆದರೆ ಸುಣ್ಣದಂಶ ಕಡಿಮೆಯಿರುವ ನಮ್ಮ ಮೆದು ನೀರಿನಲ್ಲಿ ಕರಗಿದ ಸ್ವಲ್ಪವೇ ಮರಿಗೆ ಸಾಕು. ಡ್ರಮ್ಮು, ಗಟಾರು (ಮದ್ದು ಬಿಡುವ ಪಂಪು), ಪೈಪು ತೊಳೆಯಲು ತೋಡಿನಿಂದ ಮೂವತ್ತು ಅಡಿ ದೂರದಲ್ಲಿ, ತೋಟದ ಕಡೆಗೆ, ಮಳೆನೀರು ನುಗ್ಗದಂತೆ ಸುತ್ತ ಏರಿಯಿರುವ ಮೂರಡಿ ಗುಂಡಿ ತೋಡಿ, ತಳಕ್ಕೆ ಒಂದು ಬುಟ್ಟಿ ಸುಣ್ಣ ಹಾಕಿಡಬೇಕು.

ಮೀನು ಕಮ್ಮಿಯಾಯಿತೆಂದು ಮರಿ ತಂದು ಬಿಡಲು ಬರುವವರಿಗೆ ಬೇಡ ಅನ್ನಿ. ತಿಲಾಪಿಯಾ, ಆಫ್ರಿಕನ್ ಮುಗುಡು, ಸೊಳ್ಳೆ ತಿನ್ನಲೆಂದು ಬಿಡುವ ಗ್ಯಾಂಬೂಸಿಯಾ ಸ್ಥಳೀಯ ಮೀನಿನ ಮೊಟ್ಟೆ ಮರಿಗಳನ್ನೇ ತಿನ್ನುತ್ತವೆ. ದಾರಿ ಸರಿಯಾದರೆ ಸೀತಾ ನದಿಯಲ್ಲಿರುವ ಮೀನೇ ಬರುತ್ತದೆ. ಬಂದ ಮೀನನ್ನು ಬಿಡಬೇಕಾದ್ದು ನಾವು. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ರಜೆ ಇದೆ. ತೋಡಿನಲ್ಲಿ ಅಷ್ಟು ಕೇಳಲಿಲ್ಲ, ಮೊದಲ ಹತ್ತು ದಿನ ಕಲ್ಲಿನ ಮೆಟ್ಟಿಲ ಆಚೀಚೆ ಐವತ್ತು ಹೆಜ್ಜೆಯೊಳಗೆ ಬಲೆ, ಕೂಳಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ), ಕತ್ತಿ ಬೇಡವೆಂದು ಊರಿನವರಲ್ಲಿ ಕೇಳಿಕೊಂಡೆವು. ಮೆಟ್ಟಿಲಲ್ಲಿ ಮೀನು ಸಾಲಾಗಿ ಸಿಗುವುದರಿಂದ ಈ ಮಾತು ಆಗದೆ ಮೆಟ್ಟಿಲು ಕಟ್ಟಲೇಬಾರದು.

ಹಲಗೆಯ ದಿನಚರಿ ಹೀಗೆ ಇಟ್ಟುಕೊಂಡಿದ್ದೇವೆ. ಮೇ ಮೂರನೇ ವಾರದಿಂದ ದಿನಕ್ಕೊಂದರಂತೆ ಮೇಲಿನಿಂದ ತೆಗೆಯುವುದು. ಒಂದೇ ದಿನ ಎಲ್ಲ ಎತ್ತಿದರೆ ಆರು ತಿಂಗಳ ಕೊಳೆತ ಕೆಸರು ಒಟ್ಟಿಗೆ ಇಳಿದು ಕೆಳಗಿನ ಕಯದ ಮೀನು ಬಾಯಿ ಮೇಲೆ ಮಾಡಿ ತೇಲುತ್ತದೆ. ತಳದ ಹಲಗೆ ಕಚ್ಚಿಕೊಂಡು ಬಾರದಿದ್ದರೆ ಬಿಟ್ಟುಬಿಡುವುದು ವಾಡಿಕೆ. ಆ ಒಂದು ಹಲಗೆಯೇ ಜೂನ್‌ನಲ್ಲಿ ಮತ್ತೊಂದು ಅಡಿ ಗೋಡೆಯಾಗುತ್ತದೆ, ಅದನ್ನೂ ಹಾರೆ ಹಾಕಿ ಎಬ್ಬಿಸಲೇಬೇಕು. ಡಿಸೆಂಬರ್‌ನಲ್ಲಿ ಹಲಗೆ ಹಾಕಿ ನಡುವೆ ಮಣ್ಣು ತುಂಬುವಾಗ ಮೆಟ್ಟಿಲಿರುವ ಬದಿಯ ಕಿಂಡಿಯ ಮೇಲಿನ ಹಲಗೆಯಲ್ಲಿ ಒಂದಡಿ ಅಗಲ, ನಾಲ್ಕು ಇಂಚು ಆಳದ ಕಚ್ಚು ಕೊಯ್ದು ಬಿಡುತ್ತೇವೆ. ಹಿಂದಿನ ನೀರು ತುಂಬಿದ ಮೇಲೆ ಹರಿವೆಲ್ಲ ಆ ಕಚ್ಚಿನಿಂದಲೇ ಕಲ್ಲಿನ ಮೆಟ್ಟಿಲಿಗೆ ಬೀಳುತ್ತದೆ, ಕೆಳಗಿನ ಕಯಗಳು ಫೆಬ್ರವರಿ ದಾಟಿಯೂ ಒಂದಕ್ಕೊಂದು ನೀರಿನ ಎಳೆಯಲ್ಲಿ ಕೂಡಿಕೊಂಡಿರುತ್ತವೆ.