ಹಾಡಿನ ವಿಡಿಯೋ ಯಾರದು: ಕಾಫಿ ನಾಡಿನ ನನ್ನ ಅನುಭವ

ಚಿಕ್ಕಮಗಳೂರಿನಲ್ಲೇ ಇದ್ದುಕೊಂಡು ಹಾಡಿನ ವಿಡಿಯೋ ಮಾಡುತ್ತೇನೆ ಎಂದರೆ ಜನ ಮೊದಲು ಕೇಳುವುದು ‘ಯಾವ ಕಂಪನಿಗೆ?’ ಎಂದು. ಬೆಂಗಳೂರಿನ ಆಡಿಯೋ ಕಂಪನಿ ಹಣ ಹಾಕಿದ ವಿಡಿಯೋಗಳನ್ನೂ ಮಾಡಿದ್ದೇನೆ, ಜೊತೆಗಾರ್ತಿ ಗಾಯಕಿಯೊಬ್ಬರು ಮತ್ತು ನಾನು ಕೈಯಿಂದ ಖರ್ಚು ಮಾಡಿ ತೆಗೆದವೂ ಇವೆ. ಕ್ಯಾಮೆರಾ, ಅದು ಅಲುಗಾಡದಂತೆ ಹಿಡಿಯುವ ಜಿಂಬಲ್, ಸಂಕಲನದ ಕೆಲಸ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಕೆಲಸ ಮುಗಿದ ಮೇಲೆ ವಿಡಿಯೋ ಯಾರ ಕೈ ಸೇರುತ್ತದೆ ಎನ್ನುವಲ್ಲಿ ದಾರಿ ಬೇರೆಯಾಗುತ್ತದೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಣ್ಣಿನಲ್ಲಿ ನಾಲ್ಕು ನಿಮಿಷದ ಹಾಡಿನ ವಿಡಿಯೋ ಕೂಡ ಚಲನಚಿತ್ರವೇ. ಅದರ ಕರ್ತೃ ನಿರ್ಮಾಪಕ, ಅಂದರೆ ಅದನ್ನು ಮಾಡಲು ಮುಂದಾಗಿ ಹೊಣೆ ಹೊತ್ತವರು. ನಿರ್ದೇಶಕರಿಗೆ ಅಲ್ಲಿ ಆ ಸ್ಥಾನವಿಲ್ಲ. ಹಣ ಕೊಟ್ಟು ಮಾಡಿಸಿದವರು ಬೇರೆಯವರಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಒಡೆತನ ಅವರಿಗೇ ಹೋಗುತ್ತದೆ. ಆದ್ದರಿಂದ ನನ್ನಲ್ಲಿಗೆ ಬರುವ ಹೊಸ ಗಾಯಕರಿಗೆ ಮೊದಲು ಕೇಳುವ ಪ್ರಶ್ನೆ ಒಂದೇ: ನಿರ್ಮಾಪಕರು ಯಾರು? ಇದು ಕಾಗದದ ಮೇಲೆ ಬರುವವರೆಗೆ ನಾನು ಕ್ಯಾಮೆರಾ ಬ್ಯಾಗ್ ತೆರೆಯುವುದಿಲ್ಲ.

ಸ್ವತಂತ್ರವಾಗಿ ಮಾಡುವುದರ ದೊಡ್ಡ ಲಾಭ ನನಗೆ ಕಂಡದ್ದು ಕಾಫಿ ಹೂವಿನ ಕಾಲದಲ್ಲಿ. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಅರಳುತ್ತದೆ. ಎರಡು ಮೂರು ದಿನದಲ್ಲಿ ಹೂವು ಕಂದುತ್ತದೆ. ಕಂಪನಿಯ ಕೆಲಸವಾದರೆ ಕಥೆಗೆ ಒಪ್ಪಿಗೆ, ಖರ್ಚಿಗೆ ಒಪ್ಪಿಗೆ, ನಟಿಯ ದಿನಾಂಕ ಎನ್ನುವಷ್ಟರಲ್ಲಿ ಹೂವು ಉದುರಿ ಹೋಗಿರುತ್ತದೆ. ರೊಬಸ್ಟಾ ಜಾತಿಯ ಕಾಫಿ ತೋಟಗಳಲ್ಲಿ ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಹಾಗಾಗಿ ಅರಳುವ ದಿನವನ್ನು ಮೊದಲೇ ಅಂದಾಜು ಮಾಡಬಹುದು. ಪರಿಚಯದ ತೋಟದ ರೈಟರು, ಅಂದರೆ ಲೆಕ್ಕ ಮತ್ತು ಕೆಲಸ ನೋಡಿಕೊಳ್ಳುವವರು, ಫೋನ್ ಮಾಡಿ, ‘ಸರ್, ನಿನ್ನೆ ನೀರು ಹಾರಿಸಿದ್ದೇವೆ, ಮುಂದಿನ ವಾರ ಹುಡುಗರನ್ನು ಕರೆದುಕೊಂಡು ಬನ್ನಿ. ಆದರೆ ಗಿಡದ ಸಾಲಿನೊಳಗೆ ಮಾತ್ರ ಇಳಿಯಬೇಡಿ’ ಎನ್ನುತ್ತಾರೆ. ಅವರ ಮಾತು ನ್ಯಾಯವಾದದ್ದು. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಜೇನುನೊಣ ಕೆಲಸ ಮಾಡುವ ಹೊತ್ತಿನಲ್ಲಿ ಕೊಂಬೆ ಅಲುಗಾಡಿಸಿದರೆ ನಷ್ಟ ಅವರದು. ನಾವು ತೋಟದ ರಸ್ತೆಯಲ್ಲೇ ನಿಂತು ಉದ್ದನೆಯ ಲೆನ್ಸ್ ಹಾಕಿ ತೆಗೆಯುತ್ತೇವೆ. ಸಿಲ್ವರ್ ಓಕ್ ಮರಗಳ ನೆರಳು ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುವುದರಿಂದ ಬೆಳಿಗ್ಗೆ ಒಂಬತ್ತರೊಳಗೆ ಹತ್ತಿರದ ಶಾಟ್‌ಗಳು ಮುಗಿದಿರಬೇಕು. ಆಮೇಲೆ ಮುಖಕ್ಕೆ ಬೆಳಕು ತಿರುಗಿಸಲು ಬಿಳಿ ಥರ್ಮಾಕೋಲ್ ಹಲಗೆ ಹಿಡಿದರೂ ಸಾಲದು.

ಹೀಗೆ ಹೂವಿನ ಕಾಲದಲ್ಲಿ ತೆಗೆದ ಒಂದು ಹಾಡಿನ ಪಲ್ಲವಿಗೆ ನಿಧಾನಗತಿ ಬೇಕಿತ್ತು, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡಬೇಕು. ಸೆಕೆಂಡಿಗೆ 50 ಫ್ರೇಮ್‌ನಂತೆ ಚಿತ್ರೀಕರಿಸಿ 25ರಲ್ಲಿ ಓಡಿಸಬೇಕಾದರೆ ಸ್ಥಳದಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಬೇಕು. ಗಾಯಕಿ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಆ ವೇಗಕ್ಕೆ ತುಟಿ ಕೂಡಿಸಿ ಬಂದಿದ್ದರು. ಸ್ಪೀಕರ್‌ನಲ್ಲಿ ಕಿಚಕಿಚ ಎನ್ನುವ ಸದ್ದಿಗೆ ಅವರು ಹಾಡುತ್ತಿದ್ದರೆ ಹುಡುಗರಿಗೆ ನಗು. ಸಂಜೆ ಲ್ಯಾಪ್‌ಟಾಪಿನಲ್ಲಿ ಅದೇ ದೃಶ್ಯ ಓಡಿದಾಗ ಸೆರಗು, ಕೂದಲು, ಹಿಂದಿನ ಹೂವು ಎಲ್ಲವೂ ತೇಲುತ್ತಿದ್ದವು, ತುಟಿಯೊಂದು ತಾಳ ತಪ್ಪದೆ ಹಾಡುತ್ತಿತ್ತು.

ಬೇಲೂರು, ಹಳೇಬೀಡಿನ ದೇವಾಲಯಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕಾಡಿನೊಳಗೆ ಅರಣ್ಯ ಇಲಾಖೆಯದು. ಚಿಕ್ಕ ತಂಡಕ್ಕೆ ಖಾಸಗಿ ತೋಟ, ಸಕಲೇಶಪುರದ ಕಡೆಯ ಗದ್ದೆ ಬಯಲು ಸಾಕು. ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯುತ್ತೇನೆ.

ಕಂಪನಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ನೃತ್ಯದ ತಂಡ, ಜನರೇಟರ್, ರಾತ್ರಿಯ ಬೆಳಕಿನ ವ್ಯವಸ್ಥೆ ಬೇಕಾದ ಹಾಡನ್ನು ನಾವಿಬ್ಬರು ಸೇರಿ ಮಾಡಲಾರೆವು. ವರ್ಷಗಳಿಂದ ಕಟ್ಟಿದ ಯೂಟ್ಯೂಬ್ ಚಾನೆಲ್‌ನ ಬಲವೂ ಅವರದೇ. ಹಳೆಯ ಚಿತ್ರಗೀತೆಯನ್ನು ಹೊಸದಾಗಿ ಹಾಡಿ ವಿಡಿಯೋ ಮಾಡುವುದಾದರೆ ಹಕ್ಕು ಇರುವವರ ಬಾಗಿಲಿಗೆ ಹೋಗಲೇಬೇಕು. ಗ್ರಾಮೊಫೋನ್ ಕಂಪನಿಯ ಎಚ್‌ಎಂವಿ ಕಾಲದ ಭಂಡಾರ ಇಂದು ಸರಿಗಮ ಸಂಸ್ಥೆಯ ಬಳಿ ಇದೆ. ಜನಪದ ಗೀತೆಯಾದರೆ ಆ ಕಟ್ಟು ಇಲ್ಲ, ಆದರೆ ಬೇರೊಬ್ಬರ ಧ್ವನಿಮುದ್ರಣವನ್ನು ಎತ್ತಿಕೊಳ್ಳದೆ ನಾವೇ ಹಾಡಿಸಬೇಕು.

ನಾನು ಜಗ್ಗಾಡುವುದು ಒಪ್ಪಂದದ ಒಂದೇ ಸಾಲಿಗೆ. ಹಕ್ಕು ವರ್ಗಾವಣೆಯ ಕಾಗದದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ಎಣಿಸುತ್ತದೆ. ಇದು ಗೊತ್ತಿರುವ ಕಂಪನಿಗಳು ‘ವಿಶ್ವದಾದ್ಯಂತ, ಶಾಶ್ವತವಾಗಿ’ ಎಂದು ಬರೆಸುತ್ತವೆ. ಒಂದು ಕಂಪನಿ ಅತಿ ಕಡಿಮೆ ಮೊತ್ತಕ್ಕೆ ಇದೇ ಮಾತು ಮುಂದಿಟ್ಟಿತು, ನಾವು ಒಪ್ಪಲಿಲ್ಲ. ಸಹಿ ಹಾಕಿದ್ದರೆ, ನಮ್ಮದೇ ವಿಡಿಯೋವನ್ನು ನಮ್ಮ ಚಾನೆಲ್‌ಗೆ ಹಾಕಿದ ಕೂಡಲೇ ಹಕ್ಕುದಾರರ ವಿಡಿಯೋವನ್ನು ತಾನೇ ಪತ್ತೆ ಹಚ್ಚುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಗುರುತಿಸಿ ವರಮಾನವನ್ನು ಕಂಪನಿಯತ್ತ ತಿರುಗಿಸಬಹುದಿತ್ತು. ಈಗ ಧ್ವನಿಯನ್ನಷ್ಟೇ ಕೆಲವು ವರ್ಷಗಳ ಮಟ್ಟಿಗೆ ಕೊಡುತ್ತೇವೆ, ವಿಡಿಯೋ ನಮ್ಮಲ್ಲೇ ಉಳಿಯುತ್ತದೆ. ಸಾಹಿತ್ಯ, ಸಂಗೀತ ಬರೆದವರ ರಾಯಧನದ ಪಾಲನ್ನು 2012ರ ತಿದ್ದುಪಡಿ ಕಾಪಾಡುತ್ತದೆ ಎಂಬುದನ್ನು ಅವರಿಗೂ ಹೇಳಿಯೇ ಸಹಿ ಹಾಕಿಸುತ್ತೇನೆ.

ಛಾಯಾಗ್ರಾಹಕರು, ಸಂಕಲನಕಾರರು, ತೆರೆಯ ಮೇಲೆ ಕಾಣುವವರು ಎಲ್ಲರಿಗೂ ಒಂದೊಂದು ಪುಟದ ಒಪ್ಪಂದ. ಮೂಲ ದೃಶ್ಯಗಳ ಹಾರ್ಡ್‌ಡಿಸ್ಕ್ ಎರಡು ಪ್ರತಿ, ಒಂದು ಗಾಯಕಿಯ ಮನೆಯಲ್ಲಿ, ಇನ್ನೊಂದು ನನ್ನ ಬಳಿ. ಅದನ್ನೂ ಅದೇ ಕಾಗದದಲ್ಲಿ ಬರೆದಿದ್ದೇವೆ.